ಬಿಚ್ಚಲು ಮರೆತ ದಾರ

ಊರಿನವರು ನನಗೆ ಮದುವೆ ಮಾಡಿದಾಗ ನನಗೆ ಒಂಬತ್ತು ವರ್ಷ. ಆ ಮದುವೆಯಲ್ಲಿ ನಾನೇ ಗಂಡು. ಹೆಣ್ಣು ಎದುರು ಮನೆಯ ಚಿಕ್ಕಗಂಗಮ್ಮ, ನಮ್ಮ ಗಂಗಿ, ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು. ನನ್ನ ಹೆಸರು ಮುನಿಲಕ್ಷ್ಮಿ. ಹೆಸರು ನೋಡಿ ಗಾಬರಿಯಾಗಬೇಡಿ. ಊರಿನ ದೊಡ್ಡವರು ಆಗ ಗಾಬರಿಯಾಗಲಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತ್ತು. ಮುಳಬಾಗಿಲು ಕಡೆ ಮಳೆ ಬಾರದಿದ್ದರೆ ಕೆಲವು ಊರಲ್ಲಿ ಕತ್ತೆಗೆ ಮದುವೆ ಮಾಡುತ್ತಾರೆ, ಕೆಲವು ಊರಲ್ಲಿ ಕಪ್ಪೆಗೆ. ನಮ್ಮೂರಲ್ಲಿ ಮಕ್ಕಳಿಗೆ. ಒಣಗಿದ ಕೆರೆಯ ನಡುವೆ ಚಪ್ಪರ ಹಾಕಿ, ಇಬ್ಬರು ಮಕ್ಕಳನ್ನು ಹಸೆಯ ಮೇಲೆ ಕೂರಿಸಿ, ಅರಿಶಿನದ ಕೊಂಬು ಕಟ್ಟಿದ ದಾರವನ್ನು ಒಂದು ಮಗುವಿನ ಕೈಯಿಂದ ಇನ್ನೊಂದರ ಕೊರಳಿಗೆ ಕಟ್ಟಿಸುತ್ತಾರೆ. ಮಳೆ ಬಂದ ಒಂಬತ್ತನೇ ದಿನ, ಕಟ್ಟಿಸಿದ ಯಜಮಾನನೇ ಮುಂದೆ ನಿಂತು ಆ ದಾರ ಬಿಚ್ಚಿಸಿ ಕೆರೆಗೆ ಬಿಡಬೇಕು. ಅಲ್ಲಿಗೆ ಮದುವೆ ಮುಗಿಯಿತು. ಬಿಚ್ಚುವವರೆಗೆ ಅದು ಮದುವೆಯೇ. ಇದು ನನ್ನ ಮಾತಲ್ಲ, ಊರಿನ ಕಟ್ಟಳೆ.

ಮಕ್ಕಳನ್ನು ಯಾರು ಕೊಡಬೇಕು? ಬತ್ತಿದ ಕೆರೆಯಲ್ಲಿ ಹಸೆ ಏರಿದ ಮಗುವಿಗೆ ಏಳಿಗೆಯಿಲ್ಲ ಎಂಬ ನಂಬಿಕೆ ಇತ್ತು. ತಮ್ಮ ಮನೆಯ ಮಕ್ಕಳ ಏಳಿಗೆ ಎಲ್ಲರಿಗೂ ಬೇಕು. ಹಾಗಾಗಿ ಕಾಲೋನಿಗೆ ಬಂದರು. ಕಾಲೋನಿ ಎಂದರೆ ನಾವು, ಊರಿನ ಬಾವಿಯಿಂದ ದೂರ ಇಟ್ಟವರು. ಒಂದು ಗಂಡು ಒಂದು ಹೆಣ್ಣು ಕೂರಿಸಿದರೆ ನಾಳೆ ಗಂಡಿನ ಮನೆಯವರು ಹೆಣ್ಣು ನಮ್ಮದು ಎಂದು ಗಂಟು ಬೀಳಬಹುದು, ಆ ತಕರಾರು ಬೇಡ, ಎರಡೂ ಹೆಣ್ಣೇ ಇರಲಿ ಎಂದವರು ಕೋದಂಡರಾಮಪ್ಪ ಗೌಡರು. ಊರಿನ ಯಜಮಾನಿಕೆ ಆಗಷ್ಟೇ ಅವರ ಕೈಗೆ ಬಂದಿತ್ತು. ಬುದ್ಧಿವಂತರು ಎಂದು ಎಲ್ಲರೂ ಹೊಗಳಿದರಂತೆ.

ನನಗೆ ಗೌಡರ ಮಗನ ಹಳೇ ಅಂಗಿ ಹಾಕಿಸಿದರು. ತಲೆಗೆ ಟವಲ್ ಸುತ್ತಿಸಿದರು. ನಮ್ಮಮ್ಮನ ಕೈಯಿಂದಲೇ ಇದ್ದಿಲಿನಲ್ಲಿ ಮೀಸೆ ಬರೆಸಿದರು. ಗೌಡರ ಅತ್ತಿಗೆ ಶ್ಯಾಮಲಮ್ಮ ನಮ್ಮಿಬ್ಬರನ್ನು ಮುಟ್ಟದೆ ಎತ್ತರದಿಂದ ಅರಿಶಿನದ ನೀರು ಹುಯ್ದರು. ಆಮೇಲೆ ನೂರೊಂದು ಕೊಡ ತಣ್ಣೀರು ನಮ್ಮ ತಲೆಯ ಮೇಲೆ. ಹೊತ್ತು ತಂದವರು ಕಾಲೋನಿಯ ಹೆಂಗಸರು, ಎಣಿಸಿದವರು ಊರಿನ ಗಂಡಸರು. ಮೂವತ್ತನೇ ಕೊಡಕ್ಕೆ ಗಂಗಿಯ ತುಟಿ ನೀಲಿಯಾಯಿತು. ಅವಳು ಅತ್ತಳು. ಮದುವಣಗಿತ್ತಿ ಅಳಬೇಕಾದ್ದೇ ಎಂದು ನಕ್ಕರು.

ಊಟಕ್ಕೆ ಊರಿನವರು ಚಪ್ಪರದ ಕೆಳಗೆ ಸಾಲಾಗಿ ಕೂತರು. ಮದುಮಕ್ಕಳು ದೂರದಲ್ಲಿ ಜಾಲಿ ಗಿಡದ ಕೆಳಗೆ. ನಮಗೆ ಊಟ ಎತ್ತಿ ಹಾಕಿದರು. ಮುದ್ದೆ ನನ್ನ ಎಲೆಗೆ ಬೀಳದೆ ಮಣ್ಣಿಗೆ ಬಿತ್ತು. ಗಂಗಿ ಅದನ್ನು ಎತ್ತಿಕೊಂಡು, ಊದಿ, ಮಣ್ಣಾದ ಭಾಗ ಕಿತ್ತು ಬಿಸಾಡಿ ಅರ್ಧ ನನಗೆ ಕೊಟ್ಟಳು. ನಮ್ಮ ಮದುವೆಯಲ್ಲಿ ನನಗೆ ಚೆನ್ನಾಗಿ ನೆನಪಿರುವ ಶಾಸ್ತ್ರ ಅದೊಂದೇ.

ಮೂರನೇ ದಿನ ಮಧ್ಯಾಹ್ನ ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಕೆರೆ ಕೋಡಿ ಬಿತ್ತು. ಕಾಲೋನಿಯಲ್ಲಿ ನಾಲ್ಕು ಮನೆಯ ಗೋಡೆ ಕುಸಿಯಿತು. ಊರಿನವರು ಎತ್ತು ಹೂಡಿಕೊಂಡು ಹೊಲಕ್ಕೆ ಓಡಿದರು. ದಾರ ಬಿಚ್ಚುವುದನ್ನು ಮರೆತರು. ಗಂಗಿಯ ಅಮ್ಮ ಗೌಡರ ಬಾಗಿಲಿಗೆ ಹೋಗಿ ನೆನಪಿಸಿದಳು. "ಬಿತ್ನೆ ಟೈಮಲ್ಲಿ ಬಂದು ಪ್ರಾಣ ತಿನ್ಬೇಡ ಹೋಗೇ" ಎಂದು ಕಳಿಸಿದರು. ಬಿಚ್ಚಲು ಅವಳಿಗೆ ಧೈರ್ಯವಿಲ್ಲ. ದಾರ ನವೆದು ಹರಿಯುವ ಹಾಗಾದಾಗ ಗಂಟು ಬಿಚ್ಚದೆ ಮಗಳ ತಲೆಯ ಮೇಲಿಂದ ತೆಗೆದು ಕುಂಕುಮದ ತಗಡಿನ ಡಬ್ಬಿಯಲ್ಲಿಟ್ಟಳು.

ಗಂಗಿಗೆ ಹತ್ತೊಂಬತ್ತಾದಾಗ ಇನ್ನೊಂದು ಮದುವೆಯಾಯಿತು. ಅದು ಪವಿತ್ರವಾದ ಮದುವೆ. ಕಾರ್ಡು ಪ್ರಿಂಟ್ ಹಾಕಿಸಿದ್ದರು, ಬ್ಯಾಂಡ್ ಸೆಟ್ ಇತ್ತು. ಗಂಡು ಶ್ರೀನಿವಾಸಪುರದ ಕಡೆಯವನು, ಮಾವಿನ ಮಂಡಿಯಲ್ಲಿ ಕೆಲಸ. ಹನ್ನೊಂದು ತಿಂಗಳಲ್ಲಿ ಆ ಪವಿತ್ರ ಬಂಧನ ಅವಳ ಎಡಗೈ ಮುರಿಯಿತು. ಅವನಿಗೆ ಬೇರೆಯವಳು ಬೇಕಾಗಿದ್ದಳು. ಗೌಡರ ಜಗಲಿಯ ಮೇಲೆ ಪಂಚಾಯ್ತಿ ಸೇರಿಸಿ, ಛಾಪಾ ಕಾಗದದ ಮೇಲೆ ಬಿಡುಗಡೆ ಬರೆಸಿ, ಅವಳ ಕೊರಳಿನ ತಾಳಿ ತೆಗೆಸಿ ಅವನ ಕೈಗೆ ಕೊಟ್ಟರು. ಕಾಲು ಗಂಟೆ ಹಿಡಿಯಿತು. ಆ ದಾರ ಬಿಚ್ಚುವುದು ಅವರಿಗೆ ನೆನಪಿತ್ತು.

ಜಗಲಿಯಿಂದ ಇಳಿದವಳು ಅವಳ ಅಣ್ಣನ ಮನೆಗೆ ಹೋಗಲಿಲ್ಲ. ನೇರ ನನ್ನ ಬಾಗಿಲಿಗೆ ಬಂದಳು. ಕೈಗೆ ಬಿದಿರು ದಬ್ಬೆ ಕಟ್ಟಿತ್ತು, ಕಂಕುಳಲ್ಲಿ ಬಟ್ಟೆ ಗಂಟು, ಗಂಟಿನೊಳಗೆ ಆ ತಗಡಿನ ಡಬ್ಬಿ.

"ಮುನೀ, ನಾನ್ ಇಲ್ಲೇ ಇರ್ತೀನಿ ಕಣೇ."

"ಇರು," ಎಂದೆ.

ಹದಿನಾರು ವರ್ಷವಾಯಿತು. ಅವಳೆಂದರೆ ನನಗೆ ಪ್ರಾಣ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಊರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಗೊತ್ತಿದ್ದೂ ಕೇಳಲಿಲ್ಲ, ಯಾಕೆಂದರೆ ನಾವಿಬ್ಬರು ನಾಲ್ಕು ಆಳಿನ ಕೆಲಸ ಮಾಡುತ್ತಿದ್ದೆವು.

ಆಗ ನಮ್ಮ ಕೆಲಸ ರೇಷ್ಮೆ ಹುಳದ್ದು. ಹಿಪ್ಪುನೇರಳೆ ತೋಟ ಗೌಡರದು, ಹುಳದ ಶೆಡ್ಡು ಗೌಡರದು. ಸೊಂಟ ನಮ್ಮದು. ಬೆಳೆ ಅರ್ಧರ್ಧ. ಶೆಡ್ಡಿನ ಪಕ್ಕದ ಕೋಣೆಯೇ ಆಗ ನಮ್ಮ ಮನೆ. ಬೆಳಕು ಹರಿಯುವ ಮೊದಲೇ ಸೊಪ್ಪು ಕೊಯ್ಯಬೇಕು. ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತರಬೇಕು. ಕುತ್ತಿಗೆಯ ನರ ಹಿಡಿದುಕೊಂಡು ಒಂದೊಂದು ದಿನ ತಲೆ ತಿರುಗಿಸಲು ಆಗುತ್ತಿರಲಿಲ್ಲ. ಗಂಗಿಯ ಮುರಿದ ಕೈ ಸೊಟ್ಟಗೇ ಕೂಡಿಕೊಂಡಿದೆ, ಅದರಲ್ಲೇ ಕುಡುಗೋಲು ಹಿಡಿಯುತ್ತಿದ್ದಳು. ಹುಳ ನಾಲ್ಕು ಸಲ ತಿನ್ನುವುದು ಬಿಟ್ಟು ಪೊರೆ ಬಿಡುತ್ತದೆ, ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅದರ ಹಸಿವಿಗೆ ಲೆಕ್ಕವಿಲ್ಲ. ಆ ವಾರ ಸೊಪ್ಪು ಒಂದು ಹೊತ್ತು ತಪ್ಪಿದರೂ ಬೆಳೆ ಹೋಯಿತು.

ಸರಿಯಾಗಿ ಆ ವಾರವೇ ಗೌಡರು ಅಳಿಯನನ್ನು ಕರೆದುಕೊಂಡು ಶೆಡ್ಡಿನ ಬಾಗಿಲಿಗೆ ಬಂದರು. ಅಳಿಯ ಮುರಳಿಮೋಹನ್, ಮುಳಬಾಗಿಲು ಕೋರ್ಟಿನಲ್ಲಿ ವಕೀಲ. ಎರಡು ಸಾವಿರದ ಇಪ್ಪತ್ಮೂರರ ಏಪ್ರಿಲ್ ತಿಂಗಳು. ದೆಹಲಿಯ ದೊಡ್ಡ ಕೋರ್ಟಿನಲ್ಲಿ ವಾದ ನಡೆಯುತ್ತಿತ್ತು.

"ಗಂಡು ಗಂಡು, ಹೆಣ್ಣು ಹೆಣ್ಣು ಮದ್ವೆ ಆಗೋಕೆ ಬಿಡಿ ಅಂತ ಕೇಸ್ ಹಾಕಿದಾರಮ್ಮ," ಎಂದ ವಕೀಲ. "ಮದುವೆಯ ಅರ್ಥಾನೇ ಬದಲಾಯಿಸ್ಬೇಕಂತೆ. ನಾವು ವಿರೋಧ ಮಾಡಿ ಊರೂರಿಂದ ಮನವಿ ಕಳಿಸ್ತಿದೀವಿ. ಭಾನುವಾರ ಅರಳಿಕಟ್ಟೆ ಹತ್ರ ಸಭೆ. ನೀವಿಬ್ರೂ ಸಹಿ ಹಾಕ್ಬೇಕು."

"ಊರ್ತುಂಬ ಜನ ಇದಾರಲ್ಲ ಸಾರ್. ನಮ್ದ್ಯಾಕೆ?" ಎಂದೆ.

ಅವನು ನಕ್ಕ. "ನಿಮ್ಮಂಥೋರೇ ಬೇಡ ಅಂದ್ರೆ ತೂಕ ಜಾಸ್ತಿ. ಒಂದು ಫೋಟೋನೂ ತೆಗೀತೀವಿ."

ನಿಮ್ಮಂಥೋರು. ಹದಿನಾರು ವರ್ಷ ಯಾರೂ ಕೇಳಲಿಲ್ಲ ಎಂದೆನಲ್ಲ. ಕೇಳದೇ ಇದ್ದದ್ದು ಮರ್ಯಾದೆಗಲ್ಲ. ಬೇಕಾದಾಗ ಹೊರಗೆ ತೆಗೆಯೋಣ ಎಂದು ಎತ್ತಿಟ್ಟುಕೊಂಡಿದ್ದರು.

ಗಂಗಿ ಸೊಪ್ಪು ಹಾಕುವುದನ್ನು ನಿಲ್ಲಿಸದೆ, "ಹಾಕ್ದಿದ್ರೆ?" ಎಂದಳು.

ಉತ್ತರ ಗೌಡರದು. "ಹಾಕ್ದಿದ್ರೆ ಸೋಮವಾರ ಶೆಡ್ಡು ಖಾಲಿ ಮಾಡಿ. ಬೇರೇರನ್ನ ಇಳಿಸ್ತೀನಿ. ಮಾನ ಮರ್ಯಾದೆ ಇರೋ ಜಾಗ ಇದು."

ಅವರು ಹೋದ ಮೇಲೆ ನಾವು ಸೊಪ್ಪು ಹಾಕುತ್ತಾ ಹೋದೆವು. ಇನ್ನೂರು ಚಿಟ್ಟೆ ಇಟ್ಟ ಮೊಟ್ಟೆಯ ಹುಳ, ಹತ್ತಿರ ಹತ್ತಿರ ಲಕ್ಷ, ತಿನ್ನುವ ಸದ್ದು ಶೆಡ್ಡಿನ ತುಂಬ ಇತ್ತು. ಇಪ್ಪತ್ತೆರಡು ದಿನದ ದುಡಿಮೆ ಅದು. ಅದನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ಕಾಲೋನಿಯಲ್ಲಿದ್ದ ನನ್ನ ಮನೆಯ ಮಾಡು ಬಿದ್ದು ನಾಲ್ಕು ವರ್ಷವಾಗಿತ್ತು.

ಕೊನೆಗೆ ನಾನೇ ಬಾಯಿಬಿಟ್ಟೆ. "ಹಾಕ್ಬಿಡಣ ಗಂಗೀ. ಒಂದ್ ಸಹಿ ತಾನೇ? ಕಾಗ್ದ ನಮ್ಮನ್ನೇನ್ ಕಡಿಯುತ್ತಾ?"

"ನೀನ್ ಹಾಕಂಗಿದ್ರೆ ಹಾಕು," ಎಂದಳು. ಮುಖ ತಿರುಗಿಸಿ ಕೊಳೆ ಸೊಪ್ಪು ಗುಡಿಸಲು ಹೋದಳು.

ಹಾಕುವುದೆಂದೇ ಭಾನುವಾರ ಬೆಳಿಗ್ಗೆ ಹೋದೆ. ಸುಳ್ಳು ಹೇಳುವುದಿಲ್ಲ.

ಅರಳಿಕಟ್ಟೆಗೆ ಶಾಮಿಯಾನ ಹಾಕಿದ್ದರು. ಕಟ್ಟೆಯ ಮೇಲೆ ಅರಳಿ, ಬೇವು ಜೋಡಿಯಾಗಿ ಬೆಳೆದಿವೆ. ಅವಕ್ಕೂ ಮದುವೆಯಾಗಿದೆ. ಗೌಡರ ಅಪ್ಪ ಮಾಡಿಸಿದ್ದು. ಅರಳಿ ಗಂಡು, ಬೇವು ಹೆಣ್ಣು ಎನ್ನುತ್ತಾರೆ, ಯಾರು ಎತ್ತಿ ನೋಡಿದರೋ ಗೊತ್ತಿಲ್ಲ. ಊರಿನವರಿಗೆ ಕುರ್ಚಿ. ಕಾಲೋನಿಯವರಿಗೆ ನೆಲ, ಅದೂ ಶಾಮಿಯಾನದ ನೆರಳು ಮುಗಿಯುವ ಜಾಗದಲ್ಲಿ. ಗಂಗಿ ನನ್ನ ಪಕ್ಕ ಕೂತಳು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿಕೊಂಡಿದ್ದಳು. ನಾನು ಕೇಳಲಿಲ್ಲ.

ಮೊದಲು ಶಾಸ್ತ್ರಿಗಳು ಮಾತಾಡಿದರು. ಕೋಲಾರದಿಂದ ಕಾರಿನಲ್ಲಿ ಬಂದವರು, ಮೈಕು ಹಿಡಿದರೆ ಬಿಡುವವರಲ್ಲ. ಮದುವೆ ಒಪ್ಪಂದವಲ್ಲ, ಸಂಸ್ಕಾರ ಎಂದರು. ಸಾವಿರಾರು ವರ್ಷದಿಂದ ಅದರಲ್ಲಿ ಒಂದಕ್ಷರ ಬದಲಾಗಿಲ್ಲ ಎಂದರು. ಒಬ್ಬ ಗಂಡು, ಒಬ್ಬ ಹೆಣ್ಣು ಎಂದು ಎರಡು ಬೆರಳು ಎತ್ತಿ ತೋರಿಸಿದರು. ಮುಂದಿನ ಸಾಲಿನಲ್ಲಿ ಗಂಗುಲಪ್ಪ ಕೂತಿದ್ದ. ಅಕ್ಕನನ್ನು ಕಟ್ಟಿಕೊಂಡು, ಮಕ್ಕಳಾಗಲಿಲ್ಲವೆಂದು ತಂಗಿಯನ್ನೂ ಕಟ್ಟಿಕೊಂಡವನು. ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ. ಮೂವರೂ ಸೇರಿ ಚಪ್ಪಾಳೆ ತಟ್ಟಿದರು.

ಆಮೇಲೆ ವಕೀಲ. ಇದು ಪೇಟೆಯ ದೊಡ್ಡ ಮನೆಯವರ ಚಟ, ಹಳ್ಳಿಯಲ್ಲಿ ಇಂಥ ರೋಗ ಇಲ್ಲ ಎಂದ. ಹಳ್ಳಿಯವರು ಬಿಸಿಲಲ್ಲಿ ಕೂತು ಕೇಳಿದೆವು. ಗೌಡರು ಮಾತಾಡಲಿಲ್ಲ. ಮಧ್ಯದ ಕುರ್ಚಿಯಲ್ಲಿ ಶಲ್ಯ ಹೊದ್ದು ಕೂತಿದ್ದರು. ಪಕ್ಕದಲ್ಲಿ ಅತ್ತಿಗೆ ಶ್ಯಾಮಲಮ್ಮ. ಅವರಿಗೀಗ ಎಂಬತ್ತು ದಾಟಿದೆ.

ಸಹಿ ಶುರುವಾಯಿತು. ಹತ್ತು ಜನ ಹಾಕಿದ ಮೇಲೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು. "ನಮ್ಮೂರಿನ ಶ್ರಮಜೀವಿ ಹೆಣ್ಣುಮಗಳು ಮುನಿಲಕ್ಷ್ಮಿ." ಮೂವತ್ತೇಳು ವರ್ಷದಲ್ಲಿ ಮೊದಲ ಸಲ ಈ ಊರಿನಲ್ಲಿ ನನ್ನ ಹೆಸರಿನ ಹಿಂದೆ ಲೇ ಇರಲಿಲ್ಲ. ವಕೀಲ ಪೆನ್ನು ಕೊಟ್ಟ. ಇನ್ನೊಬ್ಬ ಮೊಬೈಲ್ ಎತ್ತಿ ಹಿಡಿದ. "ಈ ಕಡೆ ನೋಡಮ್ಮ, ಸ್ವಲ್ಪ ನಗು," ಎಂದ.

ನಾನು ಏಳನೇ ಕ್ಲಾಸು ಓದಿದ್ದೇನೆ. ಕಾಗದ ಕೊಟ್ಟರೆ ಓದದೆ ಸಹಿ ಹಾಕುವುದಿಲ್ಲ, ಅದೊಂದು ಚಾಳಿ. ಓದಿದೆ. ಕೊನೆಯಿಂದ ಎರಡನೇ ಸಾಲಿಗೆ ಬಂದಾಗ ಕಣ್ಣು ನಿಂತಿತು. "ಇಂಥ ವಿವಾಹವು ನಮ್ಮ ನೆಲದ ಯಾವ ರೂಢಿಯಲ್ಲಿಯೂ ಎಂದಿಗೂ ಇರಲಿಲ್ಲ ಎಂದು ಗ್ರಾಮಸ್ಥರಾದ ನಾವು ಪ್ರಮಾಣ ಮಾಡುತ್ತೇವೆ." ಅದರ ಕೆಳಗೆ ಮೊದಲ ಸಹಿ ಕೋದಂಡರಾಮಪ್ಪನವರದು. ದುಂಡಗೆ, ಚೆಂದವಾಗಿ ಬರೆದಿದ್ದರು.

ಹಲ್ಲು ಕಡಿಯುವ ಚಳಿ ನೆನಪಾಯಿತು. ನೂರೊಂದು ಕೊಡ. ಮಣ್ಣಿಗೆ ಬಿದ್ದ ಮುದ್ದೆ.

"ಇದು ಸುಳ್ಳು," ಎಂದೆ. ಮೈಕು ಹತ್ತಿರವಿತ್ತು. ಊರಿಗೆಲ್ಲ ಕೇಳಿಸಿತು.

"ಏನಮ್ಮ?" ಎಂದ ವಕೀಲ.

"ಇದು ಸುಳ್ಳು ಸಾರ್. ನಾನ್ ಸಹಿ ಹಾಕಲ್ಲ. ಈ ಊರೇ ನಿಂತು ಹೆಣ್ಣಿಗ್ ಹೆಣ್ಣು ಕಟ್ಸೈತೆ. ನನ್ ಕೈಲೇ ಕಟ್ಸಿದ್ದು. ಮೊದಲ್ನೇ ಸಹಿ ಮಾಡಿರೋರೇ ಮುಂದೆ ನಿಂತಿದ್ದು."

ಗಂಗಿ ಆಗಲೇ ಎದ್ದಿದ್ದಳು. ಸೆರಗಿನ ಗಂಟು ಬಿಚ್ಚಿ ತಗಡಿನ ಡಬ್ಬಿ ತೆಗೆದಳು. ಮುಚ್ಚಳ ತುಕ್ಕು ಹಿಡಿದಿತ್ತು, ಹಲ್ಲಿನಿಂದ ಕಚ್ಚಿ ತೆಗೆದಳು. ಒಳಗೆ ದಾರ ಕಪ್ಪಾಗಿತ್ತು. ಅರಿಶಿನದ ಕೊಂಬು ಒಣಗಿ ಬೆರಳಿನ ಉಗುರಿನಷ್ಟಾಗಿತ್ತು. ಮೂರು ಗಂಟು ಹಾಗೇ ಇದ್ದವು.

"ಏನೇ ಅದು?" ಎಂದು ಕುರ್ಚಿಯಿಂದ ಯಾರೋ ಕೇಳಿದರು.

"ತಾಳಿ," ಎಂದಳು ಗಂಗಿ. "ಗೌಡ್ರು ಕಟ್ಸಿದ್ದು."

ಕುರ್ಚಿಗಳಲ್ಲಿದ್ದವರು ನಕ್ಕರು. ಗಂಗುಲಪ್ಪ ತೊಡೆ ತಟ್ಟಿಕೊಂಡು ನಕ್ಕ. ಶ್ಯಾಮಲಮ್ಮ ಮಾತ್ರ ನಗಲಿಲ್ಲ. ಕೋಲು ಊರಿ ಮುಂದಕ್ಕೆ ಬಾಗಿ ನೋಡಿದರು.

"ಏನಪ್ಪಾ ಕೋದಂಡ, ಅದನ್ನ ಬಿಚ್ಲಿಲ್ವಾ?"

ಗೌಡರು ಶಲ್ಯ ಸರಿಮಾಡಿಕೊಂಡರು. ನಗು ನಿಂತಿತು.

ಶಾಸ್ತ್ರಿಗಳಿಗೆ ವಿಷಯ ವಿವರಿಸಿದರು. ಅವರು ಕೈ ಅಲ್ಲಾಡಿಸಿದರು. "ಮಂತ್ರವಿಲ್ಲ, ಹೋಮವಿಲ್ಲ, ಸಪ್ತಪದಿಯಿಲ್ಲ. ಅದು ಮದುವೆಯೇ ಅಲ್ಲ. ಮಕ್ಕಳಾಟ."

ನಮ್ಮ ಹಿಂದಿನಿಂದ ಮುನಿಕೃಷ್ಣಪ್ಪ ಎದ್ದ. ಕಾಲೋನಿಯ ಹಿರಿಯ, ಕಲ್ಲು ಒಡೆದು ಒಡೆದು ಒಂದು ಕಣ್ಣು ಕಳಕೊಂಡವನು. "ಸ್ವಾಮೀ, ನಮ್ ಕಾಲೋನೀಲಿ ಯಾರ್ ಮದ್ವೇಗೂ ಮಂತ್ರ ಇಲ್ಲ. ಕರದ್ರೆ ನೀವ್ ಬರಲ್ಲ. ನಮ್ಮಪ್ಪ ನಮ್ಮವ್ವಂಗೆ ಹಿಂಗೇ ದಾರ ಕಟ್ಟಿದ್ದು. ಹಂಗಾದ್ರೆ ನಾವೆಲ್ಲ ಯಾರಿಗ್ ಹುಟ್ಟಿದ್ದು ಸ್ವಾಮೀ?"

ಕುರ್ಚಿಗಳಲ್ಲೂ ಗುಸುಗುಸು ಎದ್ದಿತು. ಹಳಬರಲ್ಲಿ ಅರ್ಧ ಜನಕ್ಕೆ ಯಾವ ಹೋಮವೂ ಆಗಿರಲಿಲ್ಲ. ಶಾಸ್ತ್ರಿಗಳು ಒಂದೇ ಮಾತಿನಲ್ಲಿ ಅವರ ಅಪ್ಪಅಮ್ಮಂದಿರ ಮದುವೆ ಕಿತ್ತು ಹಾಕಿದ್ದರು.

ವಕೀಲ ಮೈಕು ಕಸಿದುಕೊಂಡ. "ಯಾರೂ ತಪ್ ತಿಳ್ಕೋಬೇಡಿ. ಮಂತ್ರ ಇರ್ಲೇಬೇಕು ಅಂತ ಕಾನೂನಲ್ಲಿಲ್ಲ. ಆಯಾ ಜನದ ರೂಢಿ ಪ್ರಕಾರ ಆದ್ರೆ ಅದೂ ಮದುವೇನೇ. ಅಷ್ಟ್ಯಾಕೆ, ನಮ್ ಮಾವನೋರು ಸ್ವಂತ ಅಕ್ಕನ ಮಗಳನ್ನ ಮದುವೆ ಆಗಿದಾರೆ. ಸುಮ್ನೆ ಪುಸ್ತಕ ನೋಡಿದ್ರೆ ನಿಷೇಧ. ಆದ್ರೆ ನಮ್ಮಲ್ಲಿ ರೂಢಿ ಇದೆ, ಕಾನೂನು ಒಪ್ಪುತ್ತೆ. ರೂಢೀನೇ ದೊಡ್ಡದು."

"ಹಂಗಾದ್ರೆ ನಮ್ದೂ ರೂಢೀನೇ," ಎಂದೆ.

ಅವನು ಮೈಕನ್ನು ಬಾಯಿಂದ ದೂರ ಸರಿಸಿದ. "ಏ, ಅದು ಗಂಡು ಹೆಣ್ಣಿಗೆ ಕಣಮ್ಮ."

"ನಾನೇ ಗಂಡು ಸಾರ್. ಅಂಗಿ ನಿಮ್ ಭಾವಮೈದುನಂದು. ಮೀಸೆ ಬರ್ಸಿದ್ದು ನಿಮ್ ಮಾವನೋರು. ಅವತ್ತು ಮಳೆಗೆ ಗೊತ್ತಾಗ್ಲಿಲ್ಲ, ಇವತ್ತು ಕಾನೂನ್ಗೆ ಗೊತ್ತಾಗುತ್ತಾ?"

ಕಾಲೋನಿಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಯಾರೋ ಕುರ್ಚಿಯಿಂದ ಕೂಗಿದರು. "ಅವಳ್ಗೆ ಶ್ರೀನಿವಾಸಪುರದಲ್ಲಿ ಮದ್ವೆ ಆಗಿತ್ತಲ್ಲ!"

ಗಂಗಿ ಸೊಟ್ಟ ಕೈ ಎತ್ತಿದಳು. "ಆಗಿತ್ತು. ಇದು ಅದರ ಗುರ್ತು. ಅದನ್ನ ಬಿಚ್ಚಿದ್ದೂ ಈ ಗೌಡ್ರೇ. ಇದನ್ನ ಬಿಚ್ಚಿಲ್ಲ. ನಮ್ಮವ್ವ ಬಾಗ್ಲಿಗ್ ಬಂದು ಕೇಳಿದ್ಳು, ಓಡಿಸಿದ್ರಿ. ನಿಮ್ ಕಟ್ಟಳೆ ನೀವೇ ಹೇಳಿ. ಬಿಚ್ಚೋವರ್ಗೂ ಏನು?"

ಎಲ್ಲರಿಗೂ ಗೊತ್ತಿತ್ತು.

ಗೌಡರ ಮುಖ ಕೆಂಪಾಯಿತು. ಎದ್ದರು, ಕುರ್ಚಿ ಹಿಂದಕ್ಕೆ ಬಿತ್ತು. "ಬಿಚ್ಚಿದ್ರಾಯ್ತು! ಒಂದ್ ದಾರದ್ ತುಂಡು ಹಿಡ್ಕೊಂಡು ಊರ್ ಮರ್ಯಾದೆ ಕಳೀತೀರಾ? ತಾರೇ ಇಲ್ಲಿ!" ಎಂದು ಕೈ ಚಾಚಿ ಬಂದರು. ಗಂಗಿ ಹಿಂದೆ ಸರಿಯಲಿಲ್ಲ. ಅಂಗೈ ಅಗಲಿಸಿ ನಿಂತಳು.

"ಮುಟ್ಬೇಡ ಕೋದಂಡ!"

ಶ್ಯಾಮಲಮ್ಮನ ದನಿ. ಕೋಲು ಮುಂದೆ ಚಾಚಿದ್ದರು. "ಒಂಬತ್ನೇ ದಿನ ದಾಟಿದ್ ದಾರ ಅದು. ತುಂಬಿರೋ ಕೆರೆ ಮುಂದೆ ಬಿಚ್ಚಿದ್ರೆ ಕೆರೆ ತಾಯಿ ಗಂಗಮ್ಮ ಮುನಿಸ್ಕೊಂಡು ಹೋಗ್ಬಿಡ್ತಾಳೆ. ವೊದ್ದುರಾ ಅಪ್ಪ, ಬೇಡ! ನೀರ್ ಹೋದ್ರೆ ನೀನ್ ತರ್ತೀಯಾ?"

ಗೌಡರ ಕೈ ಗಾಳಿಯಲ್ಲಿ ನಿಂತಿತು. ಅವರ ಬೆರಳಿಗೂ ಗಂಗಿಯ ಅಂಗೈಗೂ ಒಂದು ಗೇಣು. ಇಡೀ ಸಭೆ ಒಂದೇ ಸಲ ತಿರುಗಿ ಕೆರೆಯ ಕಡೆ ನೋಡಿತು.

ಕೆರೆ ತುಂಬಿತ್ತು. ಆ ನೀರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಮಧ್ಯೆ ಹದಿನೈದು ವರ್ಷ ಆ ಕೆರೆಯಲ್ಲಿ ಜಾಲಿ ಬೆಳೆದಿತ್ತು. ಆಗ ಬಿಚ್ಚಬಹುದಿತ್ತು, ನಮ್ಮ ನೆನಪು ಯಾರಿಗೂ ಆಗಲಿಲ್ಲ. ಈಗ ಇರುವುದು ಬೆಂಗಳೂರಿನ ನೀರು. ಅಲ್ಲಿಯವರು ಸ್ನಾನ ಮಾಡಿ, ಪಾತ್ರೆ ತೊಳೆದು, ಕಕ್ಕಸಿಗೆ ಹುಯ್ದದ್ದನ್ನು ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಜಿಲ್ಲೆಗೆ ಬಿಡುತ್ತಾರೆ. ಕೆರೆಯಿಂದ ಕೆರೆಗೆ ಹರಿದು ನಮ್ಮೂರಿಗೂ ಬಂದಿದೆ. ಪೈಪಿನ ಉದ್ಘಾಟನೆಗೆ ಗೌಡರೇ ಹಾರ ಹಾಕಿಸಿಕೊಂಡು ಹೋಗಿದ್ದರು. ಎಲ್ಲ ಗೊತ್ತಿದ್ದ ಮನುಷ್ಯ. ಆದರೂ ಆ ಕೈ ಮುಂದಕ್ಕೆ ಬರಲಿಲ್ಲ. ಅವರ ತೋಟ ಕೆರೆಯ ಕೆಳಗಿದೆ.

"ಬಿಚ್ಚಿ ಗೌಡ್ರೇ," ಎಂದೆ. "ಕಾಗ್ದದಲ್ಲಿ ಬರ್ದಿದೀರಲ್ಲ, ಇಂಥ ಮದ್ವೆ ಇಲ್ಲ ಅಂತ. ಇಲ್ದೇ ಇರೋದಕ್ಕೆ ಭಯ ಯಾಕೆ?"

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಶಲ್ಯದಲ್ಲಿ ಒರೆಸಿಕೊಂಡರು, ಮುಟ್ಟದಿದ್ದರೂ. ಪೆನ್ನನ್ನು ಮೇಜಿನ ಮೇಲಿಟ್ಟು ನಾವು ನಡೆದೆವು. ಹುಳಕ್ಕೆ ಹನ್ನೊಂದು ಗಂಟೆಯ ಸೊಪ್ಪು ಹಾಕುವ ಹೊತ್ತಾಗಿತ್ತು. ದಾರಿಯಲ್ಲಿ ಗಂಗಿ ನನ್ನ ಕೈ ಹಿಡಿದುಕೊಂಡಳು. "ಹಾಕ್ತೀಯ ಅಂದ್ಕೊಂಡಿದ್ದೆ," ಎಂದಳು. "ನಾನೂ," ಎಂದೆ.

ಸೋಮವಾರ ಶೆಡ್ಡು ಖಾಲಿ ಮಾಡಿಸಲು ಯಾರೂ ಬರಲಿಲ್ಲ. ಮಧ್ಯಾಹ್ನ ಗೌಡರೇ ಬಂದರು, ಒಬ್ಬರೇ. ಕೈಯಲ್ಲಿ ಒಂದು ತಟ್ಟೆ. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನ, ಒಂದು ಪುಟ್ಟ ಬೆಳ್ಳಿ ಡಬ್ಬಿ. ಶೆಡ್ಡಿನ ಹೊಸ್ತಿಲ ಹೊರಗೆ ನಿಂತರು. ನನ್ನ ಬಾಗಿಲಲ್ಲಿ ಗೌಡರು ತಟ್ಟೆ ಹಿಡಿದು ನಿಂತದ್ದನ್ನು ನಮ್ಮಮ್ಮ ನೋಡಬೇಕಿತ್ತು.

"ಆಗಿದ್ದಾಯ್ತು," ಎಂದರು. "ನೀವು ಇಲ್ಲೇ ಇರಿ. ಯಾರೂ ಏನೂ ಅನ್ನಲ್ಲ. ಆ ದಾರಾನ ಈ ಬೆಳ್ಳಿ ಡಬ್ಬೀಲಿ ಇಟ್ಟು ಪೂಜೆ ಮಾಡ್ಕೊಂಡು ಇರಿ. ಗಂಟು ಮಾತ್ರ ಬಿಚ್ಬೇಡಿ. ವರ್ಷಕ್ಕೊಂದ್ಸಲ ಊರಿಂದ ಸೀರೆ ಕೊಡ್ಸೋಣ."

"ಆ ಕಾಗ್ದ?" ಎಂದು ಕೇಳಿದೆ.

"ಅದು ಹೋಗುತ್ತೆ. ಎಲ್ಲಾ ಊರಿಂದ್ಲೂ ಹೋಗ್ತಿದೆ, ನಮ್ದೊಂದ್ ನಿಲ್ಸೋಕಾಗುತ್ತಾ? ಅದರ ಪಾಡಿಗೆ ಅದು. ಇದರ ಪಾಡಿಗೆ ಇದು."

ಎಷ್ಟು ಸುಲಭವಾಗಿ ಹೇಳಿದರು ನೋಡಿ. ದೆಹಲಿಗೆ ಬರೆಯುವಾಗ ನಾವು ಇಲ್ಲ. ಕೆರೆಗೆ ಬೇಕಾದಾಗ ಇದ್ದೇವೆ. ಅವತ್ತು ಮಳೆಗೆ ಕೂರಿಸಿದರು, ಇವತ್ತು ನೀರಿಗೆ ಕಾವಲು ಕೂರಿಸಲು ಬಂದಿದ್ದರು. ಕತ್ತೆಗಾದರೆ ಮದುವೆ ಮುಗಿದ ಮೇಲೆ ಹುಲ್ಲು ಹಾಕಿ ಬಿಟ್ಟುಬಿಡುತ್ತಾರೆ.

ನನಗೆ ಬೈಯಬೇಕೆನಿಸಿತು. ಬಾಯಿಗೆ ಬಂದದ್ದೆಲ್ಲ ಅವರಿಗೆ ಸಾಲದು ಎನಿಸಿ ಸುಮ್ಮನಾದೆ. ಗಂಗಿ ಸೊಪ್ಪಿನ ಮಂಕರಿ ಕೆಳಗಿಟ್ಟಳು. ಕೋಣೆಗೆ ಹೋಗಿ ತಗಡಿನ ಡಬ್ಬಿ ತಂದಳು. ಹೊಸ್ತಿಲ ಮೇಲೆ ಕೂತು ದಾರ ತೆಗೆದಳು.

"ಏಯ್, ಏನ್ ಮಾಡ್ತೀಯ?" ಎಂದರು ಗೌಡರು.

ಮೊದಲ ಗಂಟು ಉಗುರಿಗೆ ಸಿಗಲಿಲ್ಲ. ಸೊಟ್ಟ ಕೈಯಲ್ಲಿ ಅದುಮಿ ಹಿಡಿದು ಹಲ್ಲು ಹಾಕಿದಳು. ಬಿಚ್ಚಿತು. ಎರಡನೆಯದು ನಾನು ಬಿಚ್ಚಿದೆ. ಒಂಬತ್ತು ವರ್ಷದವಳಿದ್ದಾಗ ನಾನೇ ಹಾಕಿದ ಗಂಟು. ಮೂರನೆಯದಕ್ಕೆ ಬರುವಷ್ಟರಲ್ಲಿ ದಾರವೇ ಪುಡಿಯಾಯಿತು. ಗೌಡರು "ಬೇಡ ಕಣಮ್ಮಾ, ಬೇಡ ಕಣಮ್ಮಾ" ಎನ್ನುತ್ತಲೇ ಇದ್ದರು. ಅವರು ನಮಗೆ ಅಮ್ಮಾ ಎಂದದ್ದು ಅದೇ ಮೊದಲು.

ಗಂಗಿ ಆ ಚೂರುಗಳನ್ನೂ ಕೊಂಬನ್ನೂ ಅವರ ತಟ್ಟೆಯಲ್ಲಿ ಹಾಕಿದಳು. "ತಗೊಳ್ಳಿ. ಇದು ನೀವ್ ಕಟ್ಸಿದ್ದು, ನಿಮ್ ಕೆರೆಗೆ. ನಾವಿಬ್ರೂ ಇರೋದು ಇದರಿಂದ ಅಲ್ಲ."

"ಹಂಗಾದ್ರೆ ನಿಮ್ಮಿಬ್ರಿಗೂ ಏನು ಸಂಬಂಧ?" ಅವರ ದನಿ ಒಡೆದಿತ್ತು. ಸಿಟ್ಟಿಗೋ ಹೆದರಿಕೆಗೋ ಗೊತ್ತಾಗಲಿಲ್ಲ.

"ಅದನ್ನ ನಿಮ್ಗ್ಯಾಕೆ ಹೇಳ್ಬೇಕು?" ಎಂದಳು ಗಂಗಿ. ಮಂಕರಿ ಎತ್ತಿಕೊಂಡು ಒಳಗೆ ಬಂದಳು. ನಾನು ಬಾಗಿಲು ಹಾಕಿದೆ. ಕಿಟಕಿಯಿಂದ ನೋಡಿದರೆ ಗೌಡರು ಇನ್ನೂ ಅಲ್ಲೇ ಇದ್ದರು. ತಟ್ಟೆಯನ್ನು ಮೈಯಿಂದ ದೂರ ಹಿಡಿದಿದ್ದರು. ಮನೆಗೆ ಒಯ್ಯಲು ಹೆದರಿಕೆ, ಕೆರೆಗೆ ಬಿಡಲು ಹೆದರಿಕೆ, ನೆಲಕ್ಕೆ ಇಡಲು ಹೆದರಿಕೆ.

ಗುರುವಾರ ಹುಳ ಹಣ್ಣಾಯಿತು. ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಬೆಳೆ ಚೆನ್ನಾಗಿ ಬಂತು. ಗೂಡು ಬಿಡಿಸಿ, ಅವರ ಅರ್ಧ ಅವರಿಗೆ ಅಳೆದು, ಶೆಡ್ಡು ಗುಡಿಸಿ ಸುಣ್ಣ ಹುಯ್ದು ಬೀಗದ ಕೈಯನ್ನು ಗೌಡರ ಜಗಲಿಯ ಮೇಲಿಟ್ಟು ಬಂದೆವು. ಅವರು ಹೋಗಿ ಅನ್ನಲಿಲ್ಲ. ನಾವು ಇರಲಿಲ್ಲ. ಮುನಿಕೃಷ್ಣಪ್ಪನೂ ಇನ್ನಿಬ್ಬರೂ ಸೇರಿ ನನ್ನ ಮನೆಗೆ ಶೀಟು ಹೊದಿಸಿಕೊಟ್ಟರು. ಈಗ ಟೊಮೆಟೊ ತೋಟಗಳಿಗೆ ಕೂಲಿಗೆ ಹೋಗುತ್ತೇವೆ. ಸಂಜೆಗೆ ಬೆನ್ನು ನೆಟ್ಟಗಾಗುವುದಿಲ್ಲ. ಶೆಡ್ಡಿನಲ್ಲಿ ಅರ್ಧ ಬೆಳೆಯಾದರೂ ನಮ್ಮದಿತ್ತು, ಇಲ್ಲಿ ಅದೂ ಇಲ್ಲ. ಸಂಕಟವಾಗುತ್ತದೆ. ಪಶ್ಚಾತ್ತಾಪವಿಲ್ಲ.

ಅಕ್ಟೋಬರಿನಲ್ಲಿ ದೆಹಲಿಯ ತೀರ್ಪು ಬಂತು. ಅಂಥ ಮದುವೆಯನ್ನು ನಾವು ಮಾನ್ಯ ಮಾಡಲಾಗದು, ಬೇಕಿದ್ದರೆ ಶಾಸನ ಮಾಡುವವರು ಯೋಚಿಸಲಿ ಎಂದರಂತೆ. ಅರಳಿಕಟ್ಟೆಯಲ್ಲಿ ಪಟಾಕಿ ಹೊಡೆದರು. ವಕೀಲ ಮೈಸೂರುಪಾಕು ಹಂಚಿದ. ಕಾಲೋನಿಯ ಮಕ್ಕಳಿಗೂ ಕೊಟ್ಟನಂತೆ, ಕೈಗೆ ಎತ್ತಿ ಹಾಕಿ.

ಮಾರನೇ ಬೆಳಿಗ್ಗೆ ಕೂಲಿಗೆ ಹೋಗಲು ಕೆರೆಯ ಏರಿ ಹತ್ತಿದೆವು. ಗೌಡರು ಅಲ್ಲಿದ್ದರು. ದಿನಾ ಇರುತ್ತಾರೆ. ತೂಬಿನ ಕಲ್ಲಿನ ಮೇಲೆ ಸುಣ್ಣದಲ್ಲಿ ಗೀಟು ಎಳೆದುಕೊಂಡಿದ್ದಾರೆ, ನೀರು ಇಳಿಯಿತೇ ಎಂದು ಬಾಗಿ ಬಾಗಿ ನೋಡುತ್ತಾರೆ. ಏಪ್ರಿಲ್‌ನಿಂದ ಅದೇ ಕೆಲಸ. ದೆಹಲಿಯಲ್ಲಿ ಗೆದ್ದ ಮನುಷ್ಯನ ಮುಖದಲ್ಲಿ ನಿದ್ದೆ ಇರಲಿಲ್ಲ.

ಗಂಗಿ ನಿಂತಳು. ತಲೆಯ ಮೇಲಿನ ಬುತ್ತಿ ಸರಿಮಾಡಿಕೊಂಡಳು.

"ಗೌಡ್ರೇ, ಕೋರ್ಟು ನಮ್ದು ಮದ್ವೆ ಅಲ್ಲ ಅಂದ್ಬಿಡ್ತಲ್ಲ," ಎಂದಳು. "ಇನ್ನೂ ಯಾಕ್ ನೀರ್ ನೋಡ್ತೀರಿ?"

ಅವರು ಇನ್ನಷ್ಟು ಬಾಗಿ ಗೀಟು ನೋಡಿದರು. ನಾವು ಏರಿ ಇಳಿದು ಕೆಲಸಕ್ಕೆ ಹೋದೆವು.